ಸೇನೆಯಲ್ಲಿದ್ದ ತಂದೆಯವರ ನೆನಪಿನ ಹೊತ್ತಿಗೆ: ಏನನ್ನು ಬರೆಯಬೇಕು, ಏನನ್ನು ಬಿಡಬೇಕು?

ಹೊಳಲ್ಕೆರೆಯ ಮಗಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು ತೀರಿಕೊಂಡು ಮುಂದಿನ ತಿಂಗಳಿಗೆ ಒಂದು ವರ್ಷ ತುಂಬುತ್ತದೆ. ಪುಣ್ಯಸ್ಮರಣೆಯ ದಿನ ಮನೆಗೆ ಬರುವ ನೆಂಟರಿಷ್ಟರಿಗೂ ಊರಿನವರಿಗೂ ಕೊಡುವ ಸಲುವಾಗಿ ಅವರ ಬದುಕನ್ನು ಕುರಿತ ಚಿಕ್ಕದೊಂದು ನೆನಪಿನ ಹೊತ್ತಿಗೆಯನ್ನು ಅಚ್ಚು ಹಾಕಿಸಬೇಕೆಂದು ಮನೆಯವರೆಲ್ಲ ಕೂತು ತೀರ್ಮಾನಿಸಿದ್ದೇವೆ. ಬರೆಯುವ ಹೊಣೆಯನ್ನು ನನಗೆ ವಹಿಸಿದ್ದಾರೆ. ಆದರೆ ಯಾವುದನ್ನು ಬರೆಯಬೇಕು ಎಂಬಲ್ಲಿಯೇ ಮನೆಯಲ್ಲಿ ಒಮ್ಮತವಿಲ್ಲ.

ತಂದೆಯವರು ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿಯ ರೈತರ ಮನೆಯ ಹಿರಿಯ ಮಗ. ಮಳೆಯನ್ನೇ ನಂಬಿದ ಹೊಲ, ಮದುವೆಗೆ ಬಂದ ತಂಗಿಯರು, ತಲೆಯ ಮೇಲಿನ ಕೈಸಾಲ, ಇಂಥ ಹೊತ್ತಿನಲ್ಲಿ ಅವರು ಬೆಂಗಳೂರಿನ ಎಂಇಜಿಗೆ, ಅಂದರೆ ಮದ್ರಾಸ್ ಎಂಜಿನಿಯರ್ ಗ್ರೂಪಿಗೆ ಭರ್ತಿಯಾದರು. 1971ರ ಯುದ್ಧದ ಸಮಯದಲ್ಲಿ ಪಶ್ಚಿಮದ ಗಡಿಯಲ್ಲಿದ್ದರು ಎಂಬುದಷ್ಟೇ ನಮಗೆ ಗೊತ್ತು. ಹವಾಲ್ದಾರರಾಗಿ ನಿವೃತ್ತರಾದ ಮೇಲೆ ಚಿತ್ರದುರ್ಗದಲ್ಲಿ ಒಂದು ಬ್ಯಾಂಕಿನ ಕಾವಲು ಕೆಲಸ ಮಾಡಿದರು, ಅದೂ ಮುಗಿದ ಮೇಲೆ ಊರಿಗೆ ಮರಳಿ ಕಡೆಯವರೆಗೂ ಹೊಲ ಮನೆ ಮೊಮ್ಮಕ್ಕಳೆಂದು ಇದ್ದರು. ತಂಗಿಯರ ಮದುವೆ, ತಮ್ಮನ ಓದು, ನಮ್ಮೆಲ್ಲರ ಓದು, ಇವೆಲ್ಲ ಅವರ ಸಂಬಳದಿಂದಲೇ ನಡೆದವು.

ಅಣ್ಣನಿಗೆ ಮುಖಪುಟದಲ್ಲಿ ತ್ರಿವರ್ಣ ಧ್ವಜವೂ ‘ವೀರಯೋಧ’ ಎಂಬ ಶೀರ್ಷಿಕೆಯೂ ಇರಬೇಕು, ಒಳಗೆ ಸೇನೆಯ ಸಂಗತಿಗಳೇ ಹೆಚ್ಚಿರಬೇಕು ಎಂಬ ಆಸೆ. ಯುದ್ಧದಲ್ಲಿ ಅಪ್ಪ ಶತ್ರುಗಳ ಒಂದು ಟ್ಯಾಂಕನ್ನು ಒಬ್ಬರೇ ಉಡಾಯಿಸಿದರು ಎಂಬ ಕಥೆಯನ್ನು ಚಿಕ್ಕಪ್ಪ ಊರಲ್ಲೆಲ್ಲ ಹೇಳುತ್ತಾರೆ. ಅಪ್ಪನ ಬಾಯಿಂದ ಆ ಮಾತನ್ನು ನಾವು ಯಾರೂ ಕೇಳಿಲ್ಲ. ಯುದ್ಧದ ಮಾತು ಬಂದರೆ ಅವರು ಎದ್ದು ದನದ ಕೊಟ್ಟಿಗೆಯ ಕಡೆಗೆ ಹೋಗಿಬಿಡುತ್ತಿದ್ದರು. ಅಮ್ಮ ಮಾತ್ರ ಒಂದೇ ಮಾತು ಹೇಳಿದರು: “ಯುದ್ಧ ಹದಿನೈದು ದಿನಾನೂ ನಡೀಲಿಲ್ಲ, ಸಂಸಾರ ಐವತ್ತು ವರ್ಷ ನಡೀತು. ಯಾವುದನ್ನ ಬರೀತೀರೋ ನೋಡ್ರಿ.” ಇದಾದ ಮೇಲೆ ಯಾರೂ ಮಾತಾಡಲಿಲ್ಲ, ನನಗೂ ಬರೆಯಲು ಕೈ ಓಡುತ್ತಿಲ್ಲ.

ಅವರ ಸೇವೆಯ ವಿವರಗಳನ್ನು ಎಲ್ಲಿಂದ ಪಡೆಯಬಹುದು, ಟ್ಯಾಂಕಿನ ಕಥೆಯನ್ನು ಸೇರಿಸಬಹುದೇ, ಮನೆಯನ್ನೂ ಸೇನೆಯನ್ನೂ ಒಂದೇ ಬರಹದಲ್ಲಿ ಹೇಗೆ ಕೂಡಿಸಬೇಕು ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಮಾಜಿ ಸೈನಿಕ, ಹಿರಿಯೂರು

ತಂಗಿ, ನಿಮ್ಮ ತಂದೆಯವರಿಗೆ ನನ್ನ ನಮನಗಳು. ನಾನೂ ಎಂಇಜಿಯವನೇ, ಅವರಿಗಿಂತ ಬಹಳ ಕಿರಿಯ.

ಮೊದಲು ಅವರ ಟ್ರಂಕನ್ನು ತೆಗೆಯಿರಿ. ನಮ್ಮ ಕಾಲದವರು ಯಾವ ಕಾಗದವನ್ನೂ ಎಸೆದವರಲ್ಲ. ಅದರಲ್ಲಿ ಡಿಸ್ಚಾರ್ಜ್ ಬುಕ್ ಇದ್ದೇ ಇರುತ್ತದೆ. ಭರ್ತಿಯಾದ ದಿನ, ಬಿಡುಗಡೆಯಾದ ದಿನ, ಸೇನೆಯಲ್ಲಿ ಕಲಿತ ಕಸುಬು, ಬಡ್ತಿ, ಪದಕ, ನಡತೆ, ಇವೆಲ್ಲ ಅದರಲ್ಲಿ ಸಿಗುತ್ತವೆ. ಹಳೆಯ ಪತ್ರಗಳಿದ್ದರೆ ವಿಳಾಸದ ಸಾಲನ್ನು ನೋಡಿ. ಸೈನಿಕರ ವಿಳಾಸದಲ್ಲಿ ಊರಿನ ಹೆಸರಿರುವುದಿಲ್ಲ, ಘಟಕದ ಹೆಸರಿನ ಕೆಳಗೆ 56 ಎ.ಪಿ.ಒ. (ಸೇನಾ ಅಂಚೆ ಕಚೇರಿ) ಅಥವಾ 99 ಎ.ಪಿ.ಒ. ಎಂದಿರುತ್ತದೆ. 99 ಎಂದಿದ್ದರೆ ಆಗ ಅವರು ಸಾಮಾನ್ಯವಾಗಿ ಪೂರ್ವದ ಕಡೆ ಇದ್ದರೆಂದು ತಿಳಿಯಬಹುದು. ಅಂಚೆ ಮೊಹರಿನ ತಾರೀಖನ್ನೂ ಘಟಕದ ಹೆಸರನ್ನೂ ಒಂದು ಹಾಳೆಯಲ್ಲಿ ಸಾಲಾಗಿ ಬರೆದುಕೊಳ್ಳುತ್ತಾ ಹೋದರೆ ಅವರ ಸೇವೆಯ ದಾರಿ ತಾನಾಗಿ ಕಾಣಿಸುತ್ತದೆ.

ಪದಕಗಳಿದ್ದರೆ ಬೆಳಕಿಗೆ ಹಿಡಿದು ಅಂಚನ್ನು ನಿಧಾನವಾಗಿ ತಿರುಗಿಸಿ ನೋಡಿ. ಸಂಖ್ಯೆ, ದರ್ಜೆ, ಹೆಸರು ಸಣ್ಣ ಅಕ್ಷರದಲ್ಲಿ ಕೆತ್ತಿರುತ್ತದೆ. ಯಾವ ಪದಕ ಯಾವುದಕ್ಕೆ ಎಂಬುದು ತಿಳಿಯದೆ ಎಲ್ಲವನ್ನೂ ‘ಶೌರ್ಯ ಪದಕ’ ಎಂದು ಅಚ್ಚು ಹಾಕಿಸುವವರಿದ್ದಾರೆ, ಅದು ಬೇಡ. ಸ್ವಾತಂತ್ರ್ಯದ 25ನೇ ವರ್ಷದ ಪದಕವನ್ನು 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದ ಎಲ್ಲರಿಗೂ ಕೊಟ್ಟಿದ್ದರು. ಸಂಗ್ರಾಮ್ ಮೆಡಲ್ 1971ರ ಕಾರ್ಯಾಚರಣೆಯ ಕಾಲದಲ್ಲಿ ಸೇವೆಯಲ್ಲಿದ್ದುದಕ್ಕೆ ಬಂದದ್ದು. ಪಶ್ಚಿಮಿ ಸ್ಟಾರ್ ಇದ್ದರೆ ಮಾತ್ರ ಪಶ್ಚಿಮದ ಯುದ್ಧರಂಗದಲ್ಲಿ ಇದ್ದರೆಂದು ಧೈರ್ಯವಾಗಿ ಬರೆಯಬಹುದು. ಸೈನ್ಯ ಸೇವಾ ಮೆಡಲ್ಲಿನ ರಿಬ್ಬನ್ನಿನ ಮೇಲೆ ಚಿಕ್ಕದೊಂದು ಲೋಹದ ಪಟ್ಟಿ ಇರುತ್ತದೆ, ಜಮ್ಮು ಕಾಶ್ಮೀರ, ಹಿಮಾಲಯ, ನೇಫಾ (ಇಂದಿನ ಅರುಣಾಚಲ ಪ್ರದೇಶ) ಎಂದು ಸೇವೆ ಮಾಡಿದ ಪ್ರದೇಶದ ಹೆಸರನ್ನು ಅದರಲ್ಲಿ ಓದಬಹುದು. ಇಷ್ಟರ ಮೇಲೂ ಸಂದೇಹ ಉಳಿದರೆ ಸೇವಾ ಸಂಖ್ಯೆಯನ್ನು ನಮೂದಿಸಿ ನಿಮ್ಮ ತಾಯಿಯವರ ಸಹಿಯಲ್ಲಿ ಬೆಂಗಳೂರಿನ ಎಂಇಜಿ ರೆಕಾರ್ಡ್ಸ್ ಕಚೇರಿಗೆ ಪತ್ರ ಬರೆಯಿರಿ. ನಿಮ್ಮ ಭಾಗಕ್ಕೆ ಸೇರಿದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯವರೂ ಇದಕ್ಕೆ ನೆರವಾಗುತ್ತಾರೆ.

ಇನ್ನು ಟ್ಯಾಂಕಿನ ಕಥೆ. ದಯವಿಟ್ಟು ಅದನ್ನು ಹಾಕಬೇಡಿ. ಅವರು ಹೇಳದ ಮಾತನ್ನು ಅವರ ಹೆಸರಿನಲ್ಲಿ ಅಚ್ಚು ಹಾಕಿಸಿದರೆ, ಅವರು ನಿಜವಾಗಿ ಮಾಡಿದ ಕೆಲಸಕ್ಕೆ ಬೆಲೆಯಿಲ್ಲವೆಂದು ನಾವೇ ಒಪ್ಪಿಕೊಂಡಂತಾಗುತ್ತದೆ. ಸ್ಯಾಪರನ, ಅಂದರೆ ಎಂಜಿನಿಯರ್ ದಳದ ಸೈನಿಕನ ಕೆಲಸ ದಾರಿ ಮಾಡಿಕೊಡುವುದು: ಸೇತುವೆ ಕಟ್ಟುವುದು, ನೆಲಬಾಂಬುಗಳನ್ನು ತೆಗೆಯುವುದು. ಶಕರ್‌ಗಢ ಭಾಗದಲ್ಲಿ ಬಸಂತರ್ ನದಿಯ ದಂಡೆಯಲ್ಲಿ 1971ರ ಡಿಸೆಂಬರ್ 15ರ ರಾತ್ರಿ ನಮ್ಮ ಟ್ಯಾಂಕುಗಳು ದಾಟಬೇಕಾದ ನೆಲದ ತುಂಬ ಪಾಕಿಸ್ತಾನದವರು ನೆಲಬಾಂಬು ಹುಗಿದಿದ್ದರು. ಅಲ್ಲಿ ಗುಂಡಿನ ಸುರಿಮಳೆಯ ನಡುವೆ ದಾರಿ ತೆರವು ಮಾಡಿದವರು ಮದ್ರಾಸ್ ಸ್ಯಾಪರ್ಸಿನ, ಅಂದರೆ ನಮ್ಮ ಎಂಇಜಿಯ 9ನೇ ಎಂಜಿನಿಯರ್ ರೆಜಿಮೆಂಟಿನವರು. ಆ ದಾರಿ ಪೂರ್ತಿ ತೆರವಾಗುವ ಮೊದಲೇ ಪೂನಾ ಹಾರ್ಸ್ ಎಂಬ ಟ್ಯಾಂಕು ದಳದ ಟ್ಯಾಂಕುಗಳು ನುಗ್ಗಿ ದಾಟಿದವು. ಮರುದಿನದ ಕಾಳಗದಲ್ಲಿಯೇ ಆ ದಳದ ಇಪ್ಪತ್ತೊಂದು ವರ್ಷದ ಅಧಿಕಾರಿ ಅರುಣ್ ಖೇತರ್‌ಪಾಲ್ ಪ್ರಾಣ ಕೊಟ್ಟದ್ದು. ಅವರಿಗೆ ಪರಮವೀರ ಚಕ್ರ ಬಂದ ಸಂಗತಿ ದೇಶಕ್ಕೆಲ್ಲ ಗೊತ್ತು, ಅವರ ಟ್ಯಾಂಕಿಗೆ ದಾರಿ ಬಿಡಿಸಿಕೊಟ್ಟವರ ಹೆಸರುಗಳು ಅವರವರ ಮನೆಗಳಲ್ಲಿಯೂ ಗೊತ್ತಿಲ್ಲ.

ನೆಲಬಾಂಬು ಹುಡುಕುವವನು ಹೊಟ್ಟೆಯ ಮೇಲೆ ಮಲಗಿ, ಮೊನಚಾದ ಸಲಾಕೆಯನ್ನು ಓರೆಯಾಗಿ, ಬಹಳ ಮೆಲ್ಲಗೆ ಮಣ್ಣಿಗೆ ಇಳಿಸುತ್ತಾನೆ. ಗಟ್ಟಿಯಾದದ್ದು ತಗುಲಿದರೆ ನಿಲ್ಲಿಸುತ್ತಾನೆ, ಬೆರಳಿನಿಂದ ಮಣ್ಣು ಸರಿಸುತ್ತಾನೆ, ಗುರುತು ಹಾಕುತ್ತಾನೆ, ಮತ್ತೆ ಗೇಣುದ್ದ ಮುಂದೆ ಸರಿಯುತ್ತಾನೆ. ಹಿಂದೆ ಬರುವವರಿಗಾಗಿ ಎರಡೂ ಬದಿಗೆ ಬಿಳಿಯ ಪಟ್ಟಿ ಎಳೆಯುತ್ತಾ ಹೋಗುತ್ತಾರೆ. ನಿಮ್ಮ ತಂದೆಯವರು ಬಸಂತರಿನಲ್ಲೇ ಇದ್ದರೆಂದು ನಾನು ಹೇಳುತ್ತಿಲ್ಲ, ಎಂಇಜಿಯ ಬೇರೆ ಘಟಕಗಳು ಬೇರೆ ಕಡೆಗಳಲ್ಲಿದ್ದವು. ಡಿಸ್ಚಾರ್ಜ್ ಬುಕ್ಕನ್ನೂ ಪತ್ರಗಳನ್ನೂ ನೋಡಿಯೇ ಬರೆಯಿರಿ. ಆದರೆ ಸ್ಯಾಪರನೊಬ್ಬ ಇಂಥ ಕೆಲಸಕ್ಕೆ ತಯಾರಾಗಿ ಬದುಕಿದ್ದನೆಂಬುದನ್ನು ನಿಮ್ಮ ಅಣ್ಣನವರಿಗೆ ತಿಳಿಸಿ ಹೇಳಿ. ಟ್ಯಾಂಕನ್ನು ಉಡಾಯಿಸಿದ ಕಥೆಗಿಂತ ಇದು ಯಾವ ಲೆಕ್ಕದಲ್ಲೂ ಕಡಿಮೆಯದಲ್ಲ.

ನಿವೃತ್ತ ಕನ್ನಡ ಮೇಷ್ಟ್ರು, ದಾವಣಗೆರೆ

ಇಂಥ ಹೊತ್ತಿಗೆಗಳನ್ನು ತಿದ್ದಿಕೊಡುವ ಕೆಲಸ ನನಗೆ ಆಗಾಗ ಬರುತ್ತದೆ. ಅವುಗಳಲ್ಲಿ ಹೆಚ್ಚಿನವನ್ನು ಹೆಸರು ಬದಲಿಸಿ ಬೇರೆ ಯಾರ ಮನೆಗೆ ಕೊಟ್ಟರೂ ಸಲ್ಲುತ್ತದೆ: ಸರಳ ಸಜ್ಜನ, ಅಜಾತಶತ್ರು, ಕರುಣಾಮಯಿ, ಶಿಸ್ತಿನ ಸಿಪಾಯಿ. ನಿಮ್ಮ ಬರಹದಲ್ಲಿ ಇಂಥ ಮಾತು ಬಂದಾಗಲೆಲ್ಲ ಅದನ್ನು ಹೊಡೆದು, ಆ ಮಾತು ನಿಮ್ಮ ಮನಸ್ಸಿಗೆ ಬರಲು ಕಾರಣವಾದ ಒಂದು ಘಟನೆಯನ್ನು ಅಲ್ಲಿ ಬರೆಯಿರಿ. ಘಟನೆ ನೆನಪಿಗೆ ಬಾರದಿದ್ದರೆ ಆ ಗುಣವನ್ನೇ ಬಿಟ್ಟುಬಿಡಿ. ಯುದ್ಧದ ಮಾತು ಬಂದರೆ ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದರು ಎಂದು ನೀವು ಪ್ರಶ್ನೆಯಲ್ಲಿಯೇ ಬರೆದಿದ್ದೀರಿ. ಆ ಒಂದು ವಾಕ್ಯದಲ್ಲಿ ನಿಮ್ಮ ತಂದೆ ನನಗೆ ಕಂಡರು.

ಅವರ ಸಿಟ್ಟನ್ನೂ ಬರೆಯಿರಿ. ಸೇನೆಯಿಂದ ಬಂದವರ ಶಿಸ್ತು ಮಕ್ಕಳಿಗೆ ಕೆಲವೊಮ್ಮೆ ಬಿಸಿ ಮುಟ್ಟಿಸಿರುತ್ತದೆ, ಅದನ್ನು ಪೂರಾ ಮುಚ್ಚಿಟ್ಟರೆ ಅವರ ಪ್ರೀತಿಯೂ ಓದುಗರಿಗೆ ಸಪ್ಪೆಯಾಗಿ ಕಾಣುತ್ತದೆ.

ಇಸವಿಗಳ ವಿಷಯದಲ್ಲಿ ನೆನಪನ್ನು ಪೂರ್ತಿ ನಂಬಬಾರದು. ಲಗ್ನಪತ್ರಿಕೆ, ಶಾಲೆಯ ದಾಖಲಾತಿ ಪುಸ್ತಕ, ಜಮೀನಿನ ಪಹಣಿ, ಇವುಗಳಿಗೆ ಹೊಂದಿಸಿ ನೋಡಿ. ಬ್ಯಾಂಕಿನಲ್ಲಿ ಜೊತೆಗೆ ದುಡಿದವರು, ಹೊಲಕ್ಕೆ ಕೆಲಸಕ್ಕೆ ಬರುತ್ತಿದ್ದವರು, ಸಂತೆಯಲ್ಲಿ ಅವರೊಡನೆ ಕೂತು ಚಹಾ ಕುಡಿಯುತ್ತಿದ್ದವರು, ಇಂಥವರ ಮಾತುಗಳಿಗೆ ಕೆಲವು ಪುಟ ಕೊಡಿ, ಅವರ ಆಡುಮಾತನ್ನು ತಿದ್ದದೆ ಹಾಗೆಯೇ ಅಚ್ಚಿಸಿ. ನೆಂಟರ ಹೊಗಳಿಕೆಗಿಂತ ಅವು ಹೆಚ್ಚು ಕಾಲ ಉಳಿಯುತ್ತವೆ.

ಹರಿಹರದಿಂದ, ಸೈನಿಕರ ಮನೆಯವಳು

ತಾಯಿ, ನಿಮ್ಮ ಅಮ್ಮನವರ ಮಾತು ಓದಿ ನಾನು ಬಹಳ ಹೊತ್ತು ಸುಮ್ಮನೆ ಕೂತೆ. ನಮ್ಮ ಮನೆಯವರೂ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಸೇನೆಯಲ್ಲಿದ್ದರು. ಇಲ್ಲಿ ಹಿರಿಯರು ಹೇಳಿದ್ದೆಲ್ಲ ಸರಿಯಾಗಿಯೇ ಇದೆ. ಆದರೆ ಸೈನಿಕನು ‘ಕುಟುಂಬವತ್ಸಲ’ನಾಗಿದ್ದ ಎಂದು ಬರೆಯುವಾಗ, ಆ ಕುಟುಂಬ ಅವನಿಲ್ಲದ ವರ್ಷಗಳಲ್ಲಿ ಯಾರ ಕೈಯಲ್ಲಿ ನಡೆಯಿತು ಎಂಬುದನ್ನು ಬರೆಯದಿದ್ದರೆ ಅರ್ಧ ಮಾತ್ರ ಬರೆದಂತಾಗುತ್ತದೆ.

ವರ್ಷಕ್ಕೆ ಎರಡು ತಿಂಗಳ ರಜೆ. ಅದರಲ್ಲಿ ರೈಲಿನಲ್ಲಿ ಕಳೆದ ದಿನಗಳೂ ಸೇರಿರುತ್ತಿದ್ದವು. ರಜೆಯನ್ನು ಬಿತ್ತನೆಗೆ ಹೊಂದಿಸಬೇಕೋ, ಕೊಯ್ಲಿಗೆ ಹೊಂದಿಸಬೇಕೋ, ನಾದಿನಿಯ ಮದುವೆಗೆ ಹೊಂದಿಸಬೇಕೋ ಎಂಬುದೇ ಪ್ರತಿ ವರ್ಷದ ಚಿಂತೆ. ಹೆರಿಗೆಗೆ ಹೊಂದಿಸಿದ್ದು ನನಗೆ ನೆನಪಿಲ್ಲ. ಮೊದಲನೆಯ ಮಗು ನಡೆಯುವುದನ್ನು ಕಲಿತ ಮೇಲೆ ಅವರು ಊರಿಗೆ ಬಂದರು, ಮಗು ಹೆದರಿ ನನ್ನ ಸೀರೆಯ ಹಿಂದೆ ಅವಿತುಕೊಂಡಿತು. ಅವರು ಅದನ್ನು ಬಲವಂತವಾಗಿ ಎತ್ತಿಕೊಳ್ಳಲಿಲ್ಲ. ಅಂಗಳದಲ್ಲಿ ಕೂತು ತಮ್ಮ ಬೂಟಿಗೆ ಪಾಲಿಶ್ ಹಾಕುತ್ತಾ, ಅದು ತಾನಾಗಿ ಬಂದು ಬ್ರಷ್ ಕೇಳುವವರೆಗೂ ಕಾದರು.

ಇನ್‌ಲ್ಯಾಂಡ್ ಪತ್ರ ಬಂದರೆ ಅತ್ತೆಯವರು ಅಂಚೆಯವನ ಕೈಯಲ್ಲೇ ಎಲ್ಲರೆದುರು ಓದಿಸುತ್ತಿದ್ದರು. ಹಾಗೆ ಓದಿಸುತ್ತಾರೆಂದು ನಮ್ಮವರಿಗೂ ಗೊತ್ತಿತ್ತು. ಆದ್ದರಿಂದ ತಂದೆ ತಾಯಿ, ದನಕರು, ಮಳೆ ಬೆಳೆ ಎಲ್ಲವನ್ನೂ ವಿಚಾರಿಸಿ, ಕೊನೆಗೆ ‘ಮಗುವಿಗೆ ಚುಚ್ಚುಮದ್ದು ಹಾಕಿಸಿದ್ದೀರಾ’ ಎಂದು ಕೇಳಿದರೆ ಆ ಸಾಲು ನನಗೆ ಬರೆದದ್ದೆಂದು ನಾನು ತಿಳಿದುಕೊಳ್ಳಬೇಕಾಗಿತ್ತು. ಗಡಿಯಲ್ಲಿ ಗಲಾಟೆ ಎಂದು ರೇಡಿಯೋದಲ್ಲಿ ಬಂದಾಗ ಅಂಚೆಯವನು ಪತ್ರ ತಂದರೆ ಸಂತೋಷ, ತಂತಿ ತಂದರೆ ಎದೆ ನಿಂತಂತಾಗುತ್ತಿತ್ತು. ಒಮ್ಮೆ ಬಂದ ತಂತಿಯಲ್ಲಿ ರಜೆ ಮಂಜೂರಾಗಿದೆ ಎಂದಷ್ಟೇ ಇತ್ತು, ಅದನ್ನು ಓದಿಸುವ ಮೊದಲೇ ಅತ್ತೆಯವರು ಕುಸಿದು ಕೂತಿದ್ದರು.

ಈ ನಡುವೆ ಹೊಲದ ಬದುವಿನ ಜಗಳ ಬಂತು, ಎತ್ತು ಸತ್ತಿತು, ಸೊಸೈಟಿಯ ಸಾಲ ಬಂತು, ಮಾವನವರಿಗೆ ಲಕ್ವ ಹೊಡೆಯಿತು. ಎಲ್ಲದಕ್ಕೂ ನಾನೇ ಹೆಬ್ಬಾಗಿಲಲ್ಲಿ ನಿಂತು ಮಾತಾಡಿದೆ. ನಿಮ್ಮ ಅಮ್ಮನವರ ಮನೆಯಲ್ಲಿಯೂ ಇಂಥವು ನಡೆದಿರುತ್ತವೆ. ಅವರನ್ನು ಒಬ್ಬರೇ ಇರುವಾಗ ಕೂರಿಸಿಕೊಂಡು ಕೇಳಿ. ‘ಅಪ್ಪ ಹೇಗಿದ್ದರು’ ಎಂದರೆ ಒಳ್ಳೆಯವರಿದ್ದರು ಎಂದು ಮುಗಿಸಿಬಿಡುತ್ತಾರೆ. ಅಪ್ಪ ಮೊದಲ ಸಲ ಹೊರಟಾಗ ಮನೆಯಲ್ಲಿ ಎಷ್ಟು ಜೋಳವಿತ್ತು, ಮನಿಯಾರ್ಡರ್ ತಡವಾದ ತಿಂಗಳು ಏನು ಮಾಡಿದಿರಿ, ಯಾರ ಹತ್ತಿರ ಕೈಗಡ ತಂದಿರಿ ಎಂದು ಕೇಳಿ.

ಇನ್ನೊಂದು ಮಾತು ಯಾರೂ ಬರೆಯುವುದಿಲ್ಲ. ಪಿಂಚಣಿಯಾಗಿ ಗಂಡ ಮನೆಗೆ ಬಂದ ಮೇಲಿನ ಮೊದಲ ವರ್ಷಗಳು ಸುಲಭವಲ್ಲ. ನಡೆದುಕೊಂಡು ಬಂದ ಮನೆಗೆ ಹೊಸ ಯಜಮಾನ ಬಂದಂತೆ. ಬೆಳಗ್ಗೆ ಐದಕ್ಕೆ ಎಲ್ಲರೂ ಏಳಬೇಕು, ಚಪ್ಪಲಿ ಸಾಲಾಗಿರಬೇಕು, ಲೆಕ್ಕ ಬರೆದಿಡಬೇಕು. ನಾನು ಅಷ್ಟು ವರ್ಷ ಬಾಯಿಲೆಕ್ಕದಲ್ಲೇ ಮನೆ ನಡೆಸಿದ್ದೆ. ನಮ್ಮವರು ನಿಧಾನವಾಗಿ ತಿಳಿದುಕೊಂಡರು, ಒಂದು ದಿನ ಲೆಕ್ಕದ ಪುಸ್ತಕವನ್ನು ಮುಚ್ಚಿ, ಹಣವನ್ನು ನನ್ನ ಕೈಗೆ ಕೊಟ್ಟು, “ನೀನು ನಡೆಸಿದ ಹಾಗೇ ನಡೆಸು” ಎಂದರು. ದೇಶಕ್ಕೆ ಅವರು ಮಾಡಿದ ಸೇವೆಯ ಬಗ್ಗೆ ನನಗೆ ಹೆಮ್ಮೆಯಿದೆ. ಆದರೂ ನನ್ನ ಮಟ್ಟಿಗೆ ಅವರು ದೊಡ್ಡವರಾದದ್ದು ಆ ದಿನ. ನಿಮ್ಮ ಮನೆಯಲ್ಲಿ ಅದು ಹೇಗೆ ಬಗೆಹರಿಯಿತು ಎಂದು ಅಮ್ಮನವರನ್ನು ಕೇಳಿ. ಅವರ ಮಾತುಗಳನ್ನು ಕೊನೆಯ ಪುಟದಲ್ಲಿ ‘ಧರ್ಮಪತ್ನಿಯ ನುಡಿ’ ಎಂದು ಅನುಬಂಧ ಮಾಡಬೇಡಿ, ತಂದೆಯವರ ಸೇವೆಯ ಒಂದೊಂದು ವರ್ಷದ ಪಕ್ಕಕ್ಕೂ ಆ ವರ್ಷ ಮನೆಯಲ್ಲಿ ನಡೆದದ್ದು ಇರಲಿ.

ಜೊತೆಗೆ ಕುಟುಂಬ ಪಿಂಚಣಿಯ ಕಾಗದದಲ್ಲಿ ಅಮ್ಮನವರ ಹೆಸರು, ಹುಟ್ಟಿದ ತಾರೀಖು ಆಧಾರ್ ಕಾರ್ಡಿಗೆ ಹೊಂದುತ್ತದೆಯೇ ಎಂದು ಒಮ್ಮೆ ನೋಡಿಬಿಡಿ, ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡುವುದನ್ನೂ ಮರೆಯಬೇಡಿ.

ಹೊಳಲ್ಕೆರೆಯ ಮಗಳು

ಸರ್, ಮೇಷ್ಟ್ರೇ, ಹರಿಹರದ ಅಮ್ಮನವರೇ, ನಿಮ್ಮೆಲ್ಲರಿಗೂ ನಮ್ಮ ಮನೆಯವರ ನಮಸ್ಕಾರಗಳು. ಭಾನುವಾರ ಅಣ್ಣನೂ ನಾನೂ ಸೇರಿ ಟ್ರಂಕು ತೆಗೆದೆವು.

ಪಶ್ಚಿಮಿ ಸ್ಟಾರ್ ಇದೆ, ಅದರ ಮೇಲೆ ಅಪ್ಪನ ಹೆಸರಿದೆ. ಅಣ್ಣ ಅದನ್ನು ಅಂಗೈಯಲ್ಲಿಟ್ಟುಕೊಂಡು ಓದಿದ. ಡಿಸ್ಚಾರ್ಜ್ ಬುಕ್ಕಿನಲ್ಲಿ ಅವರ ಕಸುಬು ಬಡಗಿ ಎಂದಿದೆ. ಇದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಮನೆಯ ಬಾಗಿಲು, ಮೊಮ್ಮಕ್ಕಳ ತೊಟ್ಟಿಲು, ಊರಿನ ಶಾಲೆಯ ಬೆಂಚುಗಳು, ಇವನ್ನೆಲ್ಲ ಅಪ್ಪ ತಾವೇ ಮಾಡಿದ್ದರು. ರೈತರ ಮನೆಯವರಿಗೆ ಈ ಕೆಲಸ ಎಲ್ಲಿಂದ ಬಂತೆಂದು ನಾವು ಕೇಳಿಯೇ ಇರಲಿಲ್ಲ. ಸೇತುವೆಗೆ ಮರ ಜೋಡಿಸುವುದನ್ನು ಕಲಿತ ಕೈ ಮಗಳ ಮಗನ ತೊಟ್ಟಿಲನ್ನೂ ಜೋಡಿಸಿತು. ಸೇನೆಯನ್ನೂ ಮನೆಯನ್ನೂ ಹೇಗೆ ಕೂಡಿಸಲಿ ಎಂದು ನಾನು ಕೇಳಿದ ಪ್ರಶ್ನೆಗೆ ಅಣ್ಣನೇ ಉತ್ತರ ಕೊಟ್ಟ: ಅವರು ಮಾಡಿದ ವಸ್ತುಗಳ ಫೋಟೋ ತೆಗೆಸಿ ಪುಸ್ತಕದ ಉದ್ದಕ್ಕೂ ಹಾಕೋಣ ಎಂದ.

ಟ್ರಂಕಿನ ಕಾಗದಗಳನ್ನು ನೋಡಿದ ಮೇಲೆ ಅಮ್ಮ ಒಳಗೆ ಹೋಗಿ ತಮ್ಮ ಪೆಟ್ಟಿಗೆಯಿಂದ ದಾರ ಕಟ್ಟಿದ ಒಂದು ಕಟ್ಟನ್ನು ತಂದರು. ಮನಿಯಾರ್ಡರ್ ಫಾರಮಿನ ಕೆಳಗೆ ಸಂದೇಶಕ್ಕೆಂದು ಇರುತ್ತಿದ್ದ ಚೂರುಗಳನ್ನು ಅವರು ಒಂದನ್ನೂ ಬಿಡದೆ ಕೂಡಿಟ್ಟಿದ್ದಾರೆ. ಒಂದರಲ್ಲಿ ಹೀಗಿದೆ: “ದೊಡ್ಡವಳ ಶಾಲೆ ಫೀಸು ಮೊದಲು ಕಟ್ಟು. ಉಳಿದದ್ದರಲ್ಲಿ ಶೇಂಗಾ ಬೀಜ. ನಿನಗೆ ಸೀರೆ ದೀಪಾವಳಿಗೆ ನಾನೇ ತರುತ್ತೇನೆ.” ಆ ದೀಪಾವಳಿಗೆ ರಜೆ ಸಿಗಲಿಲ್ಲವಂತೆ. ದೊಡ್ಡವಳು ನಾನೇ. ಬೀಜಕ್ಕೆ ಹಣ ಸಾಲದೆ ಅಮ್ಮ ಕಿವಿಯೋಲೆ ಅಡವಿಟ್ಟು ಬಿತ್ತಿದ್ದನ್ನು, ಮುಂದಿನ ವರ್ಷ ಅದನ್ನು ಬಿಡಿಸಿಕೊಂಡದ್ದನ್ನು, ಈ ಎರಡನ್ನೂ ಅಪ್ಪನಿಗೆ ಬರೆಯದೆ ಇದ್ದದ್ದನ್ನು ಮೊದಲ ಬಾರಿಗೆ ಹೇಳಿದರು. ಹರಿಹರದ ಅಮ್ಮನವರೇ, ನೀವು ಹೇಳಿದ ಹಾಗೆಯೇ ಎಡಗಡೆಯ ಪುಟದಲ್ಲಿ ಅಪ್ಪನ ವರ್ಷಗಳು, ಬಲಗಡೆಯಲ್ಲಿ ಅದೇ ವರ್ಷಗಳ ಅಮ್ಮನ ಮಾತು, ಹೀಗೆ ಬರೆಯಲು ಶುರು ಮಾಡಿದ್ದೇನೆ.

ಟ್ಯಾಂಕಿನ ಕಥೆಯನ್ನು ಬಿಟ್ಟಿದ್ದೇವೆ. ಚಿಕ್ಕಪ್ಪನಿಗೆ ಬೇಸರವಾದೀತೆಂದು ಹೆದರಿದ್ದೆವು. ಸರ್, ನೆಲಬಾಂಬು ತೆಗೆಯುವ ಬಗೆಯನ್ನು ನೀವು ಬರೆದದ್ದನ್ನು ಅಣ್ಣ ಅವರಿಗೆ ಓದಿ ಹೇಳಿದ. ಕೇಳಿ ಮುಗಿದ ಮೇಲೆ ಅವರು, ಚಿಕ್ಕಜಾಜೂರು ಸ್ಟೇಷನ್ನಿಗೆ ನಿಮ್ಮ ಅಪ್ಪನನ್ನು ಬಿಡಲು ಪ್ರತಿ ಸಲವೂ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದವನು ನಾನು, ಆ ದಾರಿಯಲ್ಲಿ ಅವನು ಆಡಿದ ಮಾತು ನಿಮಗೆ ಯಾರಿಗೂ ಗೊತ್ತಿಲ್ಲ, ಅದನ್ನು ಬರೆಸುತ್ತೇನೆ ಎಂದು ತಾವೇ ಮುಂದೆ ಬಂದರು. ನಾಳೆ ಅವರ ಹತ್ತಿರ ಕೂರುತ್ತೇನೆ.

ಡಿಸ್ಚಾರ್ಜ್ ಬುಕ್ಕಿನ ಪುಟವನ್ನೇ ಫೋಟೋ ತೆಗೆದು ಪುಸ್ತಕದಲ್ಲಿ ಹಾಕಬೇಕೆಂದು ಅಣ್ಣನ ಆಸೆ. ಹಾಕಬಹುದೇ ಸರ್?

ಮಾಜಿ ಸೈನಿಕ, ಹಿರಿಯೂರು

ಹಾಕಿ ತಂಗಿ, ಆದರೆ ಸೇವಾ ಸಂಖ್ಯೆಯ ಕೊನೆಯ ಅಂಕಿಗಳನ್ನು ಮರೆಮಾಡಿ. ಪಿಂಚಣಿ ಆದೇಶದ ಸಂಖ್ಯೆ, ಬ್ಯಾಂಕ್ ಖಾತೆ, ತಾಯಿಯವರ ಹುಟ್ಟಿದ ತಾರೀಖು ಯಾವ ಪುಟದಲ್ಲಿಯೂ ಕಾಣಬಾರದು. ಪಿಂಚಣಿದಾರರನ್ನು ಫೋನಿನಲ್ಲಿ ವಂಚಿಸುವವರು ಈಗ ಬಹಳ ಇದ್ದಾರೆ. ಮೂಲ ಕಾಗದಗಳನ್ನು ಅಚ್ಚಿನ ಅಂಗಡಿಗೆ ಕೊಡದೆ ಪ್ರತಿ ಮಾಡಿಸಿ ಕೊಡಿ. ಪದಕಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಅಂಚಿನ ಅಕ್ಷರ ಸವೆಯುತ್ತದೆ, ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಪುಸ್ತಕದ ಒಂದು ಪ್ರತಿಯನ್ನು ಹಲಸೂರು ಕೆರೆಯ ಬಳಿಯಿರುವ ಎಂಇಜಿ ಸೆಂಟರಿಗೂ ಕಳಿಸಿ, ಅಲ್ಲಿ ಮದ್ರಾಸ್ ಸ್ಯಾಪರ್ಸಿನ ವಸ್ತುಸಂಗ್ರಹಾಲಯವಿದೆ. ಇನ್ನೊಂದು ಪ್ರತಿ ನನಗೆ ಬೇಕು, ಹಿರಿಯೂರಿಗೆ ಬಸ್ಸಿನಲ್ಲಿ ಹಾಕಿದರೆ ನಾನೇ ಬಂದು ಇಳಿಸಿಕೊಳ್ಳುತ್ತೇನೆ.